ಹೋದ ವಿಮಾನದ ಎತ್ತರ

ದೊಡ್ಡಕ್ಕನಿಗೆ ನೆನಪಿನ ಪರೀಕ್ಷೆಯಲ್ಲಿ ನೂರಕ್ಕೆ ಹನ್ನೊಂದು ಬಂದಿದೆ ಎಂಬ ಸುದ್ದಿ ಅವಳಿಗಿಂತ ಮೊದಲೇ ರೇಡಾರ್ ಕೋಣೆಯನ್ನು ಮುಟ್ಟಿತು. ವಿಮಾನವಾದರೆ ಇಂತಿಷ್ಟು ಎತ್ತರದಲ್ಲಿ ಸುತ್ತು ಹೊಡೆಯುತ್ತಿರು ಎಂದು ಹೇಳಿ ತಡೆಯಬಹುದು. ಸುದ್ದಿಯನ್ನು ತಡೆಯುವ ಯಂತ್ರ ಇನ್ನೂ ಬಂದಿಲ್ಲ. ಅವಳು ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಅಲ್ಲಿದ್ದ ಆರು ಜನರೂ ತಮ್ಮ ತಮ್ಮ ತೆರೆಗಳನ್ನು ಹಿಂದೆಂದೂ ಇಲ್ಲದ ಶ್ರದ್ಧೆಯಿಂದ ದಿಟ್ಟಿಸುತ್ತಿದ್ದರು.

"ಎಲ್ರಿಗೂ ಗೊತ್ತಾಯ್ತು ತಾನೆ?" ಎಂದಳು.

"ಏನಕ್ಕಾ? ಹನ್ನೊಂದರ ವಿಷಯ ನಮಗೇನೂ ಗೊತ್ತಿಲ್ಲ" ಎಂದ ಆಕಳಿಕೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಇವನು ಹೆಗಲನ್ನೇ ತಂದು ಮುಂದಿಟ್ಟಿದ್ದ. ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಯಾವ ಪಾಳಿಯಲ್ಲಿ ಕೂರಿಸಿದರೂ ಆಕಳಿಸುತ್ತಿದ್ದುದರಿಂದ ಆ ಅಡ್ಡಹೆಸರು ಅಂಟಿಕೊಂಡಿತ್ತು. ಆಕಳಿಸುತ್ತಲೇ ಎಂಟು ವಿಮಾನಗಳನ್ನು ಅಚ್ಚುಕಟ್ಟಾಗಿ ಸಾಲು ಹಚ್ಚುತ್ತಿದ್ದ ಎಂಬುದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ.

"ಹನ್ನೊಂದೇನು ಕಡಿಮೆಯೇನೋ? ಅದರಲ್ಲಿ ಎರಡು ಅಂಕ ನನ್ನ ಹೆಸರು ತಪ್ಪಿಲ್ಲದೆ ಬರೆದಿದ್ದಕ್ಕೆ ಬಂದಿರಬೇಕು" ಎಂದು ದೊಡ್ಡಕ್ಕ ನಕ್ಕಳು. ನಗು ಮಾತ್ರ ಗಂಟಲಿನಿಂದ ಕೆಳಗಿಳಿಯಲಿಲ್ಲ.

ದೊಡ್ಡಕ್ಕ ಅಂದರೆ ಆಳು ದೊಡ್ಡವಳೇನಲ್ಲ. ಕುರ್ಚಿಯನ್ನು ಪೂರ್ತಿ ಎತ್ತರಿಸಿಕೊಂಡು, ನೆಲಕ್ಕೆ ಎಟುಕದ ಕಾಲುಗಳನ್ನು ಅದರ ಅಡ್ಡಕಂಬಿಯ ಮೇಲಿಟ್ಟುಕೊಂಡು ಕೂರುವವಳು. ಇಪ್ಪತ್ತನಾಲ್ಕು ವರ್ಷ ಹಾಗೆ ಕೂತು ಆಕಾಶದಲ್ಲಿ ದಾರಿ ಹಂಚಿದ್ದಾಳೆ. ಎರಡು ವಿಮಾನಗಳ ನಡುವೆ ಅಡ್ಡಕ್ಕೆ ಐದು ಮೈಲಿ, ಇಲ್ಲವೇ ಮೇಲೆ ಕೆಳಗೆ ಸಾವಿರ ಅಡಿ ಜಾಗ ಇರಲೇಬೇಕು ಎಂಬುದು ಅವರ ಕಸುಬಿನ ಮೊದಲ ಪಾಠ. ಅವಳ ತೆರೆಯ ಮೇಲೆ ಆ ಅಂತರ ಒಂದು ಸಲವೂ ಕೆಟ್ಟಿರಲಿಲ್ಲ. ಕಷ್ಟದ ದಿನಗಳಲ್ಲಿ, ಮೋಡ ಕವಿದು ಎಲ್ಲರಿಗೂ ಒಂದೇ ಓಣಿಯಲ್ಲಿ ನುಗ್ಗಬೇಕು ಅನ್ನಿಸುವಾಗ, ಮೇಲಧಿಕಾರಿಗಳು ಹುಡುಕಿಕೊಂಡು ಬರುತ್ತಿದ್ದುದು ಅವಳನ್ನೇ.

ಆದರೆ ಐವತ್ತು ತುಂಬಿದವರು ತೆರೆಯ ಮುಂದೆ ಕೂರುವಂತಿಲ್ಲ, ಅದು ನಿಯಮ. ಅವಳಿಗೆ ಇನ್ನು ಎಂಟು ತಿಂಗಳು. ಆಮೇಲೆ ಇದ್ದದ್ದು ಎರಡೇ ದಾರಿ. ಒಂದು, ಪಕ್ಕದ ಕಟ್ಟಡದ ತರಬೇತಿ ಶಾಲೆ. ಅಲ್ಲಿ ಖಾಲಿಯಾಗಲಿರುವ ಒಂದೇ ಒಂದು ಕುರ್ಚಿ. ಇನ್ನೊಂದು, ಮೂರನೇ ಮಹಡಿಯ ಗದ್ದಲದ ಕೋಣೆ. ಅಲ್ಲಿ ಗದ್ದಲವೇನೂ ಇರಲಿಲ್ಲ, ಗದ್ದಲದ ಬಗ್ಗೆ ಬಂದ ದೂರುಪತ್ರಗಳಿದ್ದವು. ನಿಮ್ಮ ವಿಮಾನಗಳ ದೆಸೆಯಿಂದ ನನ್ನ ನಾಯಿ ಊಟ ಬಿಟ್ಟಿದೆ ಎಂದು ಯಾರೋ ಬರೆಯುತ್ತಾರೆ. ತಮ್ಮ ಪತ್ರ ತಲುಪಿದೆ, ನಾಯಿಯ ಬಗ್ಗೆ ವಿಷಾದವಿದೆ ಎಂದು ಉತ್ತರ ಬರೆಯಬೇಕು. ಅವಳಿಗೆ ಶಾಲೆಯ ಕುರ್ಚಿ ಬೇಕಿತ್ತು. ಇನ್ಯಾವುದನ್ನೂ ಅವಳು ಇಷ್ಟು ಆಸೆಪಟ್ಟಿರಲಿಲ್ಲ. ಹೊಸಬರ ಹಿಂದೆ ನಿಂತು, ಅವರ ಕಿವಿಯಲ್ಲಿ ಮೊದಲ ಸಲ ಪೈಲಟ್ಟಿನ ದನಿ ಕೇಳಿಸಿ ಹೆಗಲು ಬಿಗಿಯುವುದನ್ನು ನೋಡಬೇಕು, ನಿಧಾನ ಮಗಾ ಎನ್ನಬೇಕು, ಅಷ್ಟೇ.

ನಡುವೆ ಬಂದದ್ದು ಈ ಪರೀಕ್ಷೆ. ಆಕಾಶ ಕಾಯುವ ಕೆಲಸಕ್ಕೆ ಎಂಥ ತಲೆ ಬೇಕು ಎಂಬುದನ್ನು ಕೆಲಸ ಕೊಡುವ ಮೊದಲೇ ಅಳೆಯಬಹುದು ಎಂದು ಒಬ್ಬ ಮನಃಶಾಸ್ತ್ರದ ತರುಣ ಬಂದಿದ್ದ. ಎಲ್ಲರೂ ಅವನನ್ನು ಪರೀಕ್ಷೆ ಮೇಷ್ಟ್ರು ಅನ್ನುತ್ತಿದ್ದರು. ಒಳ್ಳೆಯವನು, ಮೆಟ್ಟಿಲು ಇಳಿಯುವಾಗಲೂ ಲೆಕ್ಕ ಹಾಕುವವನು. ದೂರದ ಅಂದಾಜು, ಎರಡು ಕೆಲಸ ಒಟ್ಟಿಗೆ ಮಾಡುವುದು, ಬಾಯಿಲೆಕ್ಕ, ಮುಂದೇನಾಗುತ್ತದೆಂಬ ಊಹೆ, ಕೊನೆಗೆ ನೆನಪು, ಹೀಗೆ ಏಳು ಭಾಗ. ತಕ್ಕಡಿ ಸರಿಯಿದೆಯೇ ಎಂದು ತಿಳಿಯಲು ಮೊದಲು ಗೊತ್ತಿರುವ ತೂಕದ ಕಲ್ಲನ್ನು ಇಟ್ಟು ನೋಡಬೇಕಲ್ಲ, ಹಾಗೆ ಮೊದಲು ಹಳಬರನ್ನೇ ಕೂರಿಸಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಅಂಕಿ ಕಂಡರೆ ಸುಮ್ಮನಿರುವ ಕಚೇರಿ ಯಾವುದಿದೆ? ಯಾವುದೇ ಭಾಗದಲ್ಲಿ ನಲವತ್ತಕ್ಕಿಂತ ಕಡಿಮೆ ಬಂದವರಿಗೆ ಶಾಲೆಯ ಕುರ್ಚಿ ಇಲ್ಲ ಎಂದು ಆಡಳಿತದವರು ಒಂದು ಸುತ್ತೋಲೆ ಹೊರಡಿಸಿಬಿಟ್ಟರು. ತಕ್ಕಡಿಯ ಮೇಲೆ ಕಲ್ಲಿಟ್ಟು, ಕಲ್ಲೇ ಹಗುರ ಎಂದು ಎಸೆಯುವ ಬುದ್ಧಿವಂತಿಕೆ ಇದು.

ಆರು ಭಾಗಗಳಲ್ಲಿ ದೊಡ್ಡಕ್ಕನಿಗೆ ತೊಂಬತ್ತರ ಮೇಲೆ ಬಂದಿತ್ತು. ಏಳನೆಯದರಲ್ಲಿ ನಲವತ್ತು ನಿಮಿಷ ವಿಮಾನಗಳನ್ನು ನಡೆಸಿದ ಮೇಲೆ ತೆರೆ ಆರಿಹೋಗುತ್ತಿತ್ತು. ಒಂಬತ್ತನೇ ನಿಮಿಷದಲ್ಲಿ ನಿಮ್ಮ ವಲಯ ದಾಟಿ ಹೋದ ವಿಮಾನ ಯಾವ ಎತ್ತರದಲ್ಲಿತ್ತು? ಹದಿನಾಲ್ಕನೇ ನಿಮಿಷದಲ್ಲಿ ಹೋದದ್ದರ ಸಂಖ್ಯೆ ಏನು? ಇಂಥವು ಇಪ್ಪತ್ತು ಪ್ರಶ್ನೆ.

"ಹದಿನೇಳು ಪ್ರಶ್ನೆಗೆ ನೀವು 'ಹೋಯ್ತು' ಅಂತ ಬರೆದಿದ್ದೀರಿ" ಎಂದ ಮೇಷ್ಟ್ರು, ಉತ್ತರದ ಹಾಳೆ ತಿರುಗಿಸಿ ತೋರಿಸುತ್ತ. "ಇದು ಪ್ರತಿಭಟನೆಯಾ ಮೇಡಂ?"

"ಅಯ್ಯೋ ಇಲ್ಲಪ್ಪ. ಹೋಯ್ತಲ್ಲ, ಅದಕ್ಕೇ ಬರೆದೆ."

"ಹೋಯ್ತು ನಿಜ. ಹೋದಾಗ ಎಷ್ಟು ಎತ್ತರದಲ್ಲಿತ್ತು?"

"ಅದು ನನಗ್ಯಾಕೆ? ಪಕ್ಕದ ವಲಯದವರಿಗೆ ಕೊಟ್ಟಾಯ್ತು. ಅವರನ್ನ ಕೇಳಿ."

ಮೇಷ್ಟ್ರು ಅವಳ ಮುಖವನ್ನೇ ನೋಡಿದ. ಇನ್ನೊಂದು ಅವಕಾಶ ಇದೆ, ಹತ್ತು ವಾರ ಬಿಟ್ಟು ಮತ್ತೊಮ್ಮೆ ಬರೆಯಬಹುದು, ಒಂದೇ ಸಲ ಎಂದ.

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಕೋಣೆಯಲ್ಲಿ ಪ್ರತಿ ವಿಮಾನಕ್ಕೂ ಒಂದು ಉದ್ದನೆಯ ಕಾಗದದ ಚೀಟಿ. ಸಂಖ್ಯೆ, ಎತ್ತರ, ವೇಗ ಎಲ್ಲ ಅದರ ಮೇಲೆ. ವಿಮಾನ ತನ್ನ ವಲಯದಲ್ಲಿ ಇರುವಷ್ಟು ಹೊತ್ತು ಚೀಟಿ ಮುಂದಿನ ಚೌಕಟ್ಟಿನಲ್ಲಿರುತ್ತದೆ. ಪಕ್ಕದವರಿಗೆ ಒಪ್ಪಿಸಿದ ಕ್ಷಣ ಕಿತ್ತು ಡಬ್ಬಕ್ಕೆ. ಬೇರೆಯವರು ಚೀಟಿಯನ್ನು ಮಾತ್ರ ಕೀಳುತ್ತಿದ್ದರು. ದೊಡ್ಡಕ್ಕ ಅದರ ಜೊತೆಗೆ ತಲೆಯೊಳಗಿನದನ್ನೂ ಕೀಳುತ್ತಿದ್ದಳು, ಬೇರುಸಹಿತ. ಮುಂದಿನದಕ್ಕೆ ಜಾಗ ಬೇಕಲ್ಲ!

ಈ ಅಭ್ಯಾಸ ಅವಳ ಜೊತೆ ಬಸ್ಸು ಹತ್ತಿ ಮನೆಗೂ ಬಂದಿತ್ತು. ಜಗಳ ಆಡುವಾಗ ಚೆನ್ನಾಗಿಯೇ ಆಡುವಳು, ಯಾರಿಗೂ ಕಡಿಮೆಯಿಲ್ಲ. ಮಾರನೆಯ ದಿನ ಗಂಡ ಮುಖ ಗಂಟಿಕ್ಕಿಕೊಂಡು ಎದ್ದು ಬಂದರೆ, "ಯಾಕ್ರೀ, ಹೊಟ್ಟೆ ಸರಿಯಿಲ್ವಾ?" ಎಂದು ಕೇಳುವಳು. ಅವನು ಹಲ್ಲಿನ ಸೆಟ್ಟು ಮಾಡುವ ಕಸುಬಿನವನು. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಮೂವತ್ತು ವರ್ಷದ ಗಿರಾಕಿಗಳ ಬಾಯಿಯ ಅಚ್ಚುಗಳು, ಮೇಲಿನ ದವಡೆ ಕೆಳಗಿನ ದವಡೆ ಜೋಡಿಜೋಡಿಯಾಗಿ. ಒಂದನ್ನೂ ಎಸೆದವನಲ್ಲ. ಸತ್ತವರ ಹಲ್ಲೂ ಅಲ್ಲಿ ನಗುತ್ತಿದ್ದವು. ಮರೆಯುವ ಹೆಂಡತಿ, ಏನನ್ನೂ ಎಸೆಯದ ಗಂಡ, ಸಂಸಾರ ಸುಸೂತ್ರವಾಗಿ ನಡೆದಿತ್ತು. ಅತ್ತೆಯಂತೂ ಅಕ್ಕಪಕ್ಕದವರ ಮುಂದೆ ಸೊಸೆಯನ್ನು ಹೊಗಳುವಾಗ ಕಣ್ಣೊರೆಸಿಕೊಳ್ಳುತ್ತಿದ್ದರು. "ನನ್ನ ಬಾಯಿ ನಿಮಗೆ ಗೊತ್ತಲ್ಲ, ಏನೇನೋ ಅಂದುಬಿಡ್ತೀನಿ. ಅವಳು ಒಂದನ್ನೂ ಮನಸ್ಸಿನಲ್ಲಿ ಇಟ್ಕೊಂಡವಳಲ್ಲ. ಭೂಮಿತೂಕದ ಹೆಣ್ಣು" ಎನ್ನುತ್ತಿದ್ದರು.

ಹತ್ತು ವಾರದ ವಿಷಯ ಕೇಳಿ ಗಂಡ ಉತ್ಸಾಹದಿಂದ ಎದ್ದು ನಿಂತ. ನೆನಪು ಅಂದರೆ ಅವನ ಖಾಸಾ ಇಲಾಖೆ. ಊಟದ ಮೇಜಿನ ಮೇಲೆ ಹನ್ನೆರಡು ಜೊತೆ ಹಲ್ಲು ತಂದು ಜೋಡಿಸಿದ.

"ಇದು ಅಂಚೆ ಕಚೇರಿಯ ಯಜಮಾನರು. ಮುಂದಿನ ಹಲ್ಲು ಮುರಿದಿದೆ, ನೋಡು. ಇವರು ವಿಮಾನ ಇನ್ನೂರ ಹದಿನಾಲ್ಕು, ಹತ್ತು ಸಾವಿರ ಅಡಿ. ಇದು ಸಂಗೀತದ ಟೀಚರು, ಎರಡು ಹಲ್ಲಿನ ನಡುವೆ ಸಂದಿ. ನಾನೂರ ಆರು, ಹದಿಮೂರು ಸಾವಿರ."

ಒಂದೊಂದನ್ನೇ ತೋರಿಸಿ, ಮೇಜಿನ ಆ ಕಡೆಯಿಂದ ಈ ಕಡೆಗೆ ನಡೆಸಿ, ತೆಗೆದು ಬೆನ್ನ ಹಿಂದೆ ಅಡಗಿಸಿ, "ಈಗ ಹೇಳು, ಅಂಚೆಯವರು ಎಷ್ಟು ಎತ್ತರ?" ಎನ್ನುವನು.

"ಹೋದ್ರಲ್ಲ."

"ಹೋಗಲಿ, ಎಲ್ಲಿಗೆ ಬೇಕಾದ್ರೂ ಹೋಗಲಿ. ನೀನು ಎಸೀಬೇಡ ಕಣೆ. ತಲೆಯೊಳಗೆ ನನ್ನ ಗೋಡೆ ಥರ ಒಂದು ಹಲಗೆ ಹೊಡ್ಕೋ. ಹೋದವರನ್ನ ಅಲ್ಲಿ ಇಡು."

ಮೊದಲ ವಾರ ಒಂದೂ ನಿಲ್ಲಲಿಲ್ಲ. ಎರಡನೇ ವಾರ ಮೂರು ನಿಂತವು. ಮೂರನೇ ವಾರದ ಒಂದು ಸಂಜೆ ಹನ್ನೆರಡಕ್ಕೆ ಹನ್ನೆರಡೂ ಒಪ್ಪಿಸಿದಳು. ಗಂಡ ಮೇಜು ಕುಟ್ಟಿದ, ಹಲ್ಲುಗಳೆಲ್ಲ ಕಟಕಟ ಎಂದವು, ಅತ್ತೆ ಒಳಗಿನಿಂದ ಓಡಿ ಬಂದು ಸೊಸೆಯ ದೃಷ್ಟಿ ತೆಗೆದರು. ಆ ಮನೆಯಲ್ಲಿ ಸಂತೋಷ ಅಂದರೆ ಸಂತೋಷ.

ಇರಲಾರದೆ ಇರುವೆ ಬಿಟ್ಟುಕೊಂಡರಂತೆ ಎಂಬ ಮಾತು ಗಂಡನಿಗೆ ನೆನಪಾದದ್ದು ಮಾರನೆಯ ದಿನ. ಊಟ ಮಾಡುತ್ತಿದ್ದ ದೊಡ್ಡಕ್ಕ ಇದ್ದಕ್ಕಿದ್ದಂತೆ ಚಮಚ ಕೆಳಗಿಟ್ಟಳು.

"ರೀ, ನಮ್ಮ ಮದುವೆಯಾದ ಎರಡನೇ ವರ್ಷ ನನ್ನ ತಂಗಿ ಬಂದಿದ್ದಳಲ್ಲ. ಸ್ನಾನದ ಮನೇಲಿ ಹಾಡು ಹೇಳ್ತಿದ್ದಳು. ನೀವು ಹೊರಗೆ ನಿಂತು, ಯಾರಾದ್ರೂ ಬಾಗಿಲು ತೆಗೀರಪ್ಪ, ಬೆಕ್ಕು ಸಿಕ್ಕಿಹಾಕ್ಕೊಂಡಿದೆ ಅಂದ್ರಿ."

"ಅದು... ತಮಾಷೆಗೆ ಕಣೆ. ಇಪ್ಪತ್ತೆರಡು ವರ್ಷ ಆಯ್ತು!"

"ಅವಳು ಆಮೇಲೆ ಹಾಡಲೇ ಇಲ್ಲ."

ಹಲಗೆ ಒಮ್ಮೆ ಹೊಡೆದ ಮೇಲೆ ಅದರ ಮೇಲೆ ಏನು ಕೂರಬೇಕೆಂದು ಹೇಳುವವರು ಯಾರು? ದಿನಕ್ಕೊಂದು ಬರತೊಡಗಿತು. ಬಸ್ ನಿಲ್ದಾಣದಲ್ಲಿ ಎರಡು ಗಂಟೆ ಕಾಯಿಸಿ ಬಂದವನು ಒಂದು ಕಡ್ಡಿಯಷ್ಟೂ ಕ್ಷಮೆ ಕೇಳದಿದ್ದದ್ದು. ಅವಳು ಹೊಲಿದ ಪರದೆಗೆ ಇದು ಪರದೆಯೋ ಪಂಚೆಯೋ ಎಂದದ್ದು. ದಿನಾಂಕ, ವಾರ, ಆಗ ಅವನು ತೊಟ್ಟಿದ್ದ ಅಂಗಿಯ ಬಣ್ಣ ಸಮೇತ. ಗಂಡ ಮೇಜಿನಿಂದ ಹಲ್ಲುಗಳನ್ನು ಮೆಲ್ಲಗೆ ಎತ್ತಿಡಲು ಶುರು ಮಾಡಿದ. "ಅಲ್ಲಾ, ಆ ದೂರುಪತ್ರದ ಕೋಣೆಯೂ ಅಂಥ ಕೆಟ್ಟದ್ದೇನಲ್ಲ ಅನ್ಸುತ್ತೆ. ಕಿಟಕಿ ಇದೆಯಂತಲ್ಲ?" ಎಂದು ಕೇಳಿನೋಡಿದ. ಅವಳು ನೋಡಿದ ನೋಟಕ್ಕೆ ಮತ್ತೆ ಆ ಮಾತೆತ್ತಲಿಲ್ಲ.

ಒಂದು ದಿನ ಅತ್ತೆಯ ಸರದಿ ಬಂತು. ಇಬ್ಬರೂ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ದೊಡ್ಡಕ್ಕನ ಚಾಕು ನಿಂತಿತು.

"ಅತ್ತೆ, ನನ್ನ ಅಪ್ಪ ತೀರಿಕೊಂಡಾಗ ನಾನು ಎರಡು ವಾರ ರಜೆ ಹಾಕಿ ಮನೇಲಿದ್ದೆ. ನೀವು ಅಂದ್ರಿ, ಇಡೀ ದಿನ ಮುಖ ಊದಿಸ್ಕೊಂಡು ಕೂತರೆ ಮನೆ ನಡೆಯುತ್ತಾ, ಹೋದವರು ಹೋದರು, ನಾಳೆಯಿಂದ ಕೆಲಸಕ್ಕೆ ಹೋಗು ಅಂತ."

ಇದರಲ್ಲಿ ತಮಾಷೆಯೇನೂ ಇರಲಿಲ್ಲ. ಅವಳ ಕಣ್ಣು ತುಂಬಿತ್ತು. ಹದಿನಾರು ವರ್ಷ ಹಿಂದಿನ ಮಾತು ಈಗ ತಾನೇ ಆಡಿದಂತೆ ಉರಿಯುತ್ತಿತ್ತು. ಅತ್ತೆ ಹೆಚ್ಚುತ್ತಿದ್ದ ತರಕಾರಿಯನ್ನು ಪಕ್ಕಕ್ಕೆ ಸರಿಸಿದರು.

"ಅಂದ ತಕ್ಷಣ ನನಗೇ ಚುಚ್ಚಿತ್ತು" ಎಂದರು. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಎರಡು ದಿನ ನಿದ್ದೆ ಬರಲಿಲ್ಲ. ತಪ್ಪಾಯ್ತು ಅಂತ ಹೇಳೋಣ ಅಂತ ನಿನ್ನ ಹತ್ರ ಬಂದೆ. ನೀನು ಇದೇ ಜಾಗದಲ್ಲಿ ನಗ್ತಾ ನಿಂತಿದ್ದೆ. ಬನ್ನಿ ಅತ್ತೆ, ಇದರ ಉಪ್ಪು ನೋಡಿ ಅಂದೆ. ಎಷ್ಟು ದೊಡ್ಡ ಮನಸ್ಸಪ್ಪ, ಆಗ್ಲೇ ಕ್ಷಮಿಸಿಬಿಟ್ಟಿದ್ದಾಳೆ ಅಂದ್ಕೊಂಡು ವಾಪಸ್ ಹೋದೆ. ಹದಿನಾರು ವರ್ಷದಿಂದ ಅದನ್ನೇ ಎಲ್ಲರ ಹತ್ರ ಹೇಳ್ತಾ ಇದೀನಿ. ನೀನು ಕ್ಷಮಿಸಿರಲಿಲ್ಲ, ಮರೆತಿದ್ದೆ, ಅಷ್ಟೇನಾ?"

"ಅಷ್ಟೇ ಅತ್ತೆ. ನನಗೂ ಈಗಲೇ ಗೊತ್ತಾಗಿದ್ದು."

"ಹಂಗಾದ್ರೆ ಈಗ ಕೇಳ್ತೀನಿ. ತಪ್ಪಾಯ್ತು ಕಣಮ್ಮ."

ದೊಡ್ಡಕ್ಕ ಅತ್ತಳು, ಅತ್ತೆಯೂ ಅತ್ತರು. ಗಂಡ ಬಾಗಿಲಿಗೆ ಬಂದು, ಈರುಳ್ಳಿ ಕಾಣದೆ ಇಬ್ಬರೂ ಅಳುವುದನ್ನು ನೋಡಿ, ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಕ್ಕೆ ಹೋದ. ಅವಳ ಎದೆ ಹಗುರಾಯಿತು. ನೆನಪಿಟ್ಟುಕೊಳ್ಳುವುದೂ ಒಳ್ಳೆಯದೇ ಅನ್ನಿಸಿತು. ಅದು ಅವಳಿಗೆ ಎರಡೇ ದಿನ ಅನ್ನಿಸಿತು.

ಮೂರನೆಯ ದಿನ ಬೆಳಗಿನ ಪಾಳಿಯಲ್ಲಿ ಏಳು ವಿಮಾನ ಅವಳ ಕೈಯಲ್ಲಿದ್ದವು. ಮುನ್ನೂರ ಆರು ಎಂಬುದು ಹದಿನಾಲ್ಕು ಸಾವಿರ ಅಡಿಯಲ್ಲಿ ಬಂದು ಇಳಿಯಲು ಅನುಮತಿ ಕೇಳಿತು. ಅಲ್ಲೇ ಇರಿ, ಒಂದು ಸುತ್ತು ಹಾಕಿ ಎಂದಳು. ಸುತ್ತು ಮುಗಿಯಿತು, ಮತ್ತೆ ಕೇಳಿತು. ಮತ್ತೆ ಇರಿ ಎಂದಳು. ಪೈಲಟ್ ತಾಳ್ಮೆಯವನು, "ನಮ್ಮ ಕೆಳಗೆ ಯಾರಿದ್ದಾರೆ?" ಎಂದು ಕೇಳಿದ.

ಯಾರು ಅಂದರೆ ನೂರ ಹದಿನೆಂಟು, ಹನ್ನೆರಡು ಸಾವಿರ ಅಡಿ ಎಂದು ಹೇಳಲು ಬಾಯಿ ತೆರೆದಳು. ತೆರೆಯ ಮೇಲೆ ನೋಡಿದಳು. ನೂರ ಹದಿನೆಂಟು ಇರಲಿಲ್ಲ. ಚೌಕಟ್ಟಿನಲ್ಲಿ ಅದರ ಚೀಟಿಯೂ ಇರಲಿಲ್ಲ. ಪಕ್ಕದ ಕುರ್ಚಿಯಿಂದ ಆಕಳಿಕೆ ಈ ಕಡೆ ತಿರುಗಿದ; ಅರ್ಧ ತೆರೆದ ಬಾಯಿ ಹಾಗೆಯೇ ನಿಂತಿತ್ತು.

"ಅಕ್ಕಾ, ಅದು ಹೋಗಿ ಹತ್ತು ನಿಮಿಷ ಆಯ್ತು" ಎಂದ ಪಿಸುದನಿಯಲ್ಲಿ.

ಹೋಗಿತ್ತು, ಆದರೆ ಅವಳ ಹಲಗೆಯ ಮೇಲೆ ಮುರಿದ ಹಲ್ಲು ಕಿಸಿದುಕೊಂಡು ಇನ್ನೂ ಕೂತಿತ್ತು. ಇಲ್ಲದ ವಿಮಾನಕ್ಕೆ ಅವಳು ದಾರಿ ಬಿಟ್ಟು, ಇರುವ ವಿಮಾನವನ್ನು ನಾಲ್ಕು ನಿಮಿಷ ಸುತ್ತಿಸಿದ್ದಳು. ಯಾರ ಕೂದಲೂ ಕೊಂಕಿರಲಿಲ್ಲ. ಆದರೆ ಇಂದು ಇಲ್ಲದ್ದನ್ನು ಇದೆ ಅಂದುಕೊಂಡವಳು ನಾಳೆ ಇರುವುದನ್ನು ಇಲ್ಲ ಅಂದುಕೊಂಡರೆ? ಮುನ್ನೂರ ಆರನ್ನು ಇಳಿಸಿ, ಕುರ್ಚಿಯನ್ನು ಬೇರೆಯವರಿಗೆ ಒಪ್ಪಿಸಿ ಎದ್ದಳು.

"ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ನಾನೇನೂ ನೋಡಿಲ್ಲ ಅಕ್ಕಾ. ಸುಮ್ನೆ ಮನೆಗೆ ಹೋಗಿ" ಎಂದ ಆಕಳಿಕೆ.

ಅವಳು ಮನೆಗೆ ಹೋಗಲಿಲ್ಲ. ತಪ್ಪು ವರದಿಯ ಫಾರಂ ತೆಗೆದುಕೊಂಡು ಕೂತಳು. ಇದನ್ನು ತುಂಬಿದರೆ ಶಾಲೆಯ ಕುರ್ಚಿ ಇನ್ನಷ್ಟು ದೂರ ಹೋಗುತ್ತದೆ ಎಂದು ಗೊತ್ತಿತ್ತು. ತುಂಬದಿದ್ದರೆ ನಾಳೆ ಮತ್ತೆ ಅದೇ ತಲೆ ಹೊತ್ತುಕೊಂಡು ತೆರೆಯ ಮುಂದೆ ಕೂರಬೇಕಿತ್ತು. ಕಾರಣ ಎಂಬ ಜಾಗದಲ್ಲಿ ಗುರುತು ಹಾಕಲು ಚೌಕಗಳಿದ್ದವು: ದಣಿವು, ಗಮನ ಬೇರೆಡೆ ಇದ್ದದ್ದು, ಯಂತ್ರದೋಷ, ಮರೆವು, ಇತರೆ. ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು, ಇತರೆಗೆ ಗುರುತು ಹಾಕಿ, ಪಕ್ಕದಲ್ಲಿ 'ನೆನಪು' ಎಂದು ಬರೆದಳು.

ಮಾರನೆಯ ದಿನ ಮೇಷ್ಟ್ರು ಆ ಫಾರಂ ಹಿಡಿದುಕೊಂಡು ಬಂದ. "ಮೇಡಂ, ಮರೆವು ಅಂತ ಬರೆಯೋ ಕಡೆ ಬಾಯಿತಪ್ಪಿ..."

"ಬಾಯೂ ತಪ್ಪಿಲ್ಲ, ಕೈಯೂ ತಪ್ಪಿಲ್ಲ. ಬನ್ನಿ, ತೋರಿಸ್ತೀನಿ."

ಅಭ್ಯಾಸದ ಕೋಣೆಯಲ್ಲಿ ಸುಳ್ಳು ವಿಮಾನಗಳ ತೆರೆ ಇತ್ತು. ಅದರಲ್ಲಿ ನಲವತ್ತು ನಿಮಿಷ ಕೂತಳು, ಹಲಗೆ ತುಂಬಿಸಿಕೊಂಡು. ನೆನಪಿನಲ್ಲಿ ಎಪ್ಪತ್ತನಾಲ್ಕು ಬಂತು. ಎರಡು ವಿಮಾನಗಳ ನಡುವಿನ ಅಂತರ ಮೂರು ಮೈಲಿಗೆ ಇಳಿಯಿತು. ಹಲಗೆ ಖಾಲಿ ಮಾಡಲು ಮೂರು ವಾರ ಹಿಡಿಯಿತು. ಅಷ್ಟೂ ದಿನ ತಾನೇ ಕೇಳಿಕೊಂಡು ನಿಜವಾದ ತೆರೆಯಿಂದ ದೂರ ಉಳಿದಳು. ಮನೆಯಲ್ಲಿ ಗಂಡ ಒಂದೊಂದೇ ಹಲ್ಲಿನ ಸೆಟ್ಟನ್ನು ಅವಳ ಮುಂದೆ ಹಿಡಿದು, ತೆಗೆದುಕೊಂಡು ಹೋಗಿ, ಇದು ಯಾರದು ಎಂದು ಕೇಳದೆ ಸುಮ್ಮನಿರುವುದನ್ನು ಕಲಿತ. ಅವನ ಜೀವನದ ಅತಿ ಕಷ್ಟದ ತಪಸ್ಸು ಅದು. ಆಮೇಲೆ ಮತ್ತೆ ಅದೇ ಸುಳ್ಳು ತೆರೆ, ಅಷ್ಟೇ ವಿಮಾನ. ನೆನಪಿನಲ್ಲಿ ಹತ್ತು. ಅಂತರ ಎಲ್ಲೂ ಕೆಡಲಿಲ್ಲ.

ಮೇಷ್ಟ್ರ ಕಿವಿ ಕೆಂಪಾಯಿತು. ಹದಿನಾಲ್ಕು ಜನ ಹಳಬರ ಅಂಕಗಳನ್ನು ಹರಡಿಕೊಂಡು ಒಂದು ವಾರ ಕೂತ. ಕೆಲಸದಲ್ಲಿ ಅತ್ಯುತ್ತಮರು ಎಂದು ಮೇಲಿನವರೇ ಗುರುತಿಸಿದ್ದವರಲ್ಲಿ ನಾಲ್ವರಿಗೆ ಏಳನೇ ಭಾಗದಲ್ಲಿ ಇಪ್ಪತ್ತರ ಒಳಗೆ ಬಂದಿತ್ತು. ಮುಂದೆ ಇರುವುದರ ನೆನಪು ಬೇರೆ, ಹೋದದ್ದರ ನೆನಪು ಬೇರೆ. ತಾನು ಅಳೆದದ್ದು ಬೇಡವಾದದ್ದನ್ನು ಎಂದು ತನ್ನ ಕೈಯಾರೆ ಬರೆದು ಆಡಳಿತಕ್ಕೆ ಕೊಟ್ಟ. ತನ್ನ ಕಾಲಿನ ಮೇಲೆ ತಾನೇ ಕಲ್ಲು ಹಾಕಿಕೊಂಡ ಪ್ರಾಮಾಣಿಕತೆ, ಅದನ್ನು ಮೆಚ್ಚಲೇಬೇಕು. ಆಡಳಿತದವರು ಮೆಚ್ಚಿದರು ಕೂಡ. ಸಮಿತಿ ವರ್ಷಕ್ಕೊಮ್ಮೆ ಸೇರುತ್ತದೆ, ಹೋದ ತಿಂಗಳು ತಾನೇ ಸೇರಿತ್ತು, ಮುಂದಿನ ವರ್ಷ ಖಂಡಿತ ಪರಿಶೀಲಿಸುತ್ತೇವೆ ಎಂದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಅಂತ ನಗುತ್ತೇವಲ್ಲ, ಇವರು ತೋಡುವುದಕ್ಕೂ ಮುಂದಿನ ವರ್ಷದ ತಾರೀಖು ಕೊಟ್ಟರು.

ಮರುಪರೀಕ್ಷೆಯ ಬೆಳಿಗ್ಗೆ ಮೇಷ್ಟ್ರು ಬಾಗಿಲಲ್ಲೇ ಅವಳನ್ನು ತಡೆದ. ಸುತ್ತಮುತ್ತ ನೋಡಿ ದನಿ ತಗ್ಗಿಸಿದ.

"ಮೇಡಂ, ಆ ಹಲಗೆ ಇವತ್ತೊಂದು ಗಂಟೆ ತುಂಬಿಸ್ಕೊಳ್ಳಿ. ಎಪ್ಪತ್ತು ಬಂದರೆ ಕುರ್ಚಿ ನಿಮ್ಮದು. ಆಮೇಲೆ ಖಾಲಿ ಮಾಡಿಬಿಡಿ. ನಾನು ಯಾರಿಗೂ ಹೇಳಲ್ಲ."

ಅವಳಿಗೆ ಆಸೆಯಾಗಲಿಲ್ಲ ಅಂದರೆ ಸುಳ್ಳು.

"ಖಾಲಿ ಮಾಡೋಕೆ ಮೂರು ವಾರ ಹಿಡೀತಪ್ಪ" ಎಂದಳು. "ಮಧ್ಯಾಹ್ನ ಎರಡಕ್ಕೆ ನನ್ನ ಪಾಳಿ ಇದೆ. ಮೇಲೆ ಜನ ಇರ್ತಾರೆ."

ಒಂಬತ್ತು ಬಂತು. ಮೊದಲಿಗಿಂತ ಎರಡು ಕಡಿಮೆ. ಶಾಲೆಯ ಕುರ್ಚಿ ಅರವತ್ತೊಂದು ತೆಗೆದ ಆಕಳಿಕೆಗೆ ಹೋಯಿತು. ಅವನು ಮುಖ ಸಣ್ಣ ಮಾಡಿಕೊಂಡು, ಬೇಡ ಅಂತ ಬರೆದುಕೊಡುತ್ತೇನೆ ಎಂದ.

"ತೆಪ್ಪಗೆ ತಗೋ. ನೀನು ಬಿಟ್ಟರೆ ಇನ್ಯಾವನೋ ತೊಂಬತ್ತು ತೆಗೆದವನು ಬಂದು ಕೂರ್ತಾನೆ. ಹುಡುಗ್ರಿಗೆ ಮರೆಯೋದು ಕಲಿಸು. ಮತ್ತೆ ಅವರ ಮುಂದೆ ಆಕಳಿಸಬೇಡ, ಅಂಟುಜಾಡ್ಯ ಅದು" ಎಂದಳು. ಆಮೇಲೆ ಕೈ ತೊಳೆಯುವ ಕೋಣೆಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿ ಅತ್ತು, ಮುಖ ತೊಳೆದುಕೊಂಡು ಬಂದಳು. ಪಾಳಿಯ ಹೊತ್ತಿಗೆ ಅದನ್ನೂ 'ಹೋಯ್ತು' ಮಾಡಿದ್ದಳು, ಮಾಡಲೇಬೇಕಿತ್ತು.

ಐವತ್ತು ತುಂಬುವ ಹಿಂದಿನ ದಿನ ಅವಳ ಕೊನೆಯ ಪಾಳಿ, ಬೆಳಗಿನದು. ಮಧ್ಯಾಹ್ನ ಎರಡಕ್ಕೆ ಬದಲಿಯವನು ಬಂದು ಬೆನ್ನ ಹಿಂದೆ ನಿಂತ. ತೆರೆಯ ಮೇಲೆ ಆರು ವಿಮಾನ. ಒಂದೊಂದರ ಮೇಲೂ ಬೆರಳಿಟ್ಟು ಒಪ್ಪಿಸಿದಳು, ಹೆಡ್‌ಸೆಟ್ ತೆಗೆದು ಕೈಗೆ ಕೊಟ್ಟಳು. ಕೋಣೆಯವರು ಎದ್ದು ನಿಲ್ಲುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ. ಎಲ್ಲರ ಕಿವಿಯಲ್ಲೂ ಯಾರೋ ಮಾತಾಡುತ್ತಿದ್ದರು. ಕಣ್ಣು ತೆರೆಯ ಮೇಲೇ ಇಟ್ಟುಕೊಂಡು ಎಡಗೈ ಮೇಲೆತ್ತಿದರು, ಅಷ್ಟೂ ಜನ. ಅವಳು ಬಸ್ಸು ಹತ್ತಿ ಮನೆಗೆ ಬಂದಳು.

ಗಂಡ ತಟ್ಟೆ ಹಾಕಿ ಕಾದಿದ್ದ. ಅತ್ತೆಯೂ ಉಣ್ಣದೆ ಕೂತಿದ್ದರು. ಅವಳು ತಟ್ಟೆಯ ಮುಂದೆ ಕೂತು, ಕೈ ಹಾಕದೆ, ಗೋಡೆ ನೋಡುತ್ತ ಹೇಳತೊಡಗಿದಳು.

"ಐನೂರ ಎರಡು, ಹದಿನಾರು ಸಾವಿರ. ಇನ್ನೂರ ಎಪ್ಪತ್ತು, ಹದಿನಾಲ್ಕು. ತೊಂಬತ್ತೊಂದು, ಹನ್ನೊಂದು. ಆ ಪೈಲಟ್ಟಿಗೆ ನೆಗಡಿ ಆಗಿತ್ತು. ನಾನೂರ ಮೂವತ್ತು, ಹತ್ತು. ಆರುನೂರ ಏಳು, ಒಂಬತ್ತು. ಮುನ್ನೂರ ಹದಿನೈದು, ಎಂಟು ಸಾವಿರ."

ಗಂಡ ದಂಗಾಗಿ ನೋಡಿದ. ಹಲ್ಲಿಲ್ಲ, ಹಲಗೆಯಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

"ಇಷ್ಟು ಹೊತ್ತಿಗೆ ಎಲ್ಲಾ ಇಳಿದಿರ್ತವೆ ಬಿಡಮ್ಮ" ಎಂದರು ಅತ್ತೆ ಮೆಲ್ಲಗೆ.

"ಇಳಿದಿರ್ತವೆ ಅತ್ತೆ. ಕೊಟ್ಟು ಒಂದು ಗಂಟೆ ಆಯ್ತು. ಆದ್ರೂ ಒಂದೂ ಹೋಗ್ತಾ ಇಲ್ಲ." ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಇನ್ನು ಮುಂದಿನದು ಬರಲ್ಲವಲ್ಲ. ಜಾಗ ಯಾರಿಗೆ ಮಾಡಿಕೊಡಲಿ?"

ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು, ಮತ್ತೆ ತುಂಬಿಕೊಂಡವು. ಗಂಡ ತನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡ.

"ಆ ನೆಗಡಿಯವನದು ಎಷ್ಟು ಎತ್ತರ ಅಂದೆ?" ಎಂದು ಕೇಳಿದ.

"ಹನ್ನೊಂದು ಸಾವಿರ" ಎಂದಳು ದೊಡ್ಡಕ್ಕ. "ಇಳೀತಾ ಇದ್ದ."